ಓಡುವ ಬಸ್ಸಿಗೆ ಮಲ್ಟಿಕಾಸ್ಟ್: ಎಫ್‌ಎಂಐಪಿವಿ6 ಅಥವಾ ಪಿಎಫ್‌ಎಂಐಪಿವಿ6?

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಹೆದ್ದಾರಿಯಲ್ಲಿ ಓಡುವ ಬಸ್ಸುಗಳಿಗೆಲ್ಲ ಒಂದೇ ನೇರಪ್ರಸಾರವನ್ನು ಮಲ್ಟಿಕಾಸ್ಟ್ (ಒಂದು ಗುಂಪಿಗೆ ಸೇರಿದವರೆಲ್ಲರಿಗೂ ಒಂದೇ ದತ್ತಾಂಶವನ್ನು ಒಟ್ಟಿಗೆ ಕಳಿಸುವ ವಿಧಾನ) ಮೂಲಕ ತಲುಪಿಸಲು ಯೋಜಿಸುವವರಿಗೆ, ಬಸ್ಸು ಒಂದು ರೂಟರಿನ ವ್ಯಾಪ್ತಿಯಿಂದ ಇನ್ನೊಂದಕ್ಕೆ ದಾಟುವ ಕ್ಷಣವೇ ಕಠಿಣ. ಹೊಸ ರೂಟರು ಆ ಗುಂಪಿಗೆ ಮೊದಲೇ ಸೇರಿರದಿದ್ದರೆ, ಸದಸ್ಯತ್ವದ ವರದಿ ಬಂದು ವಿತರಣಾ ವೃಕ್ಷಕ್ಕೆ (ದತ್ತಾಂಶ ಕವಲೊಡೆದು ಹರಿಯುವ ದಾರಿಗಳಿಗೆ) ಹೊಸ ಕೊಂಬೆ ಕೂಡುವವರೆಗೆ ಚಿತ್ರ ನಿಂತಿರುತ್ತದೆ.

2014ರ ಆರ್‌ಎಫ್‌ಸಿ 7411 (ಅಂತರ್ಜಾಲದ ಒಂದು ತಾಂತ್ರಿಕ ದಾಖಲೆ) ಇದಕ್ಕೆ ಎರಡು ದಾರಿಗಳನ್ನು ವಿವರಿಸುತ್ತದೆ. ಅದು ಪ್ರಾಯೋಗಿಕ ದರ್ಜೆಯದು ಎಂಬುದನ್ನು ಉಪಕರಣ ಕೊಳ್ಳುವ ಮುನ್ನ ಗಮನಿಸಬೇಕು. ಎಫ್‌ಎಂಐಪಿವಿ6ರಲ್ಲಿ (ಚಲಿಸುವ ಸಾಧನಗಳಿಗಾಗಿ ಇರುವ ಮೊಬೈಲ್ ಐಪಿವಿ6ರ ವೇಗದ ಹಸ್ತಾಂತರ ವಿಧಾನ) ಬಸ್ಸಿನಲ್ಲಿರುವ ಸಾಧನವೇ ತನ್ನ ಗುಂಪುಗಳ ಪಟ್ಟಿಯನ್ನು ಹಳೆಯ ರೂಟರಿಗೆ ಕೊಡುತ್ತದೆ. ಹಳೆಯ ರೂಟರು ಆ ಪಟ್ಟಿಯನ್ನು ಹೊಸ ರೂಟರಿಗೆ ದಾಟಿಸಿ, ಹೊಸದು ಕೇಳಿದ ಗುಂಪುಗಳ ದತ್ತಾಂಶವನ್ನು ಮಾತ್ರ ಟನಲ್ (ಎರಡು ರೂಟರುಗಳ ನಡುವಿನ ನೇರ ಕೊಳವೆಮಾರ್ಗದಂಥ ವ್ಯವಸ್ಥೆ) ಮೂಲಕ ಕಳಿಸುತ್ತದೆ. ಅಲ್ಲಿ ಆಗಲೇ ಹರಿಯುತ್ತಿರುವುದನ್ನು ಮತ್ತೆ ಸಾಗಿಸುವ ಗೋಜಿಲ್ಲದಿರುವುದು, ನನ್ನ ಮಟ್ಟಿಗೆ, ಈ ವಿನ್ಯಾಸದ ಅತಿ ಜಾಣ ಭಾಗ. ಆದರೆ ಸಾಧನದಲ್ಲಿ ಅದಕ್ಕೆ ತಕ್ಕ ತಂತ್ರಾಂಶ ಇರಲೇಬೇಕು.

ಪಿಎಫ್‌ಎಂಐಪಿವಿ6ರಲ್ಲಿ (ಸಾಧನದ ಪರವಾಗಿ ಜಾಲವೇ ಹಸ್ತಾಂತರ ನಡೆಸುವ ಪ್ರಾಕ್ಸಿ ರೂಪ) ಈ ಪಟ್ಟಿಯನ್ನು ಪ್ರವೇಶ ಗೇಟ್‌ವೇಗಳೇ (ಸಾಧನಗಳು ಜಾಲಕ್ಕೆ ಸೇರುವ ರೂಟರುಗಳು) ಪರಸ್ಪರ ಹಂಚಿಕೊಳ್ಳುತ್ತವೆ. ಪ್ರಯಾಣಿಕರ ಫೋನುಗಳಿಗೆ ಅದರ ಅರಿವೇ ಇರುವುದಿಲ್ಲ. ಇದರ ಮಿತಿಯೆಂದರೆ, ಗೇಟ್‌ವೇಗಳು ಪರಸ್ಪರ ನಂಬುವ ಒಂದೇ ಜಾಲವ್ಯವಸ್ಥೆಯೊಳಗೆ ಇರಬೇಕು.

ಸಂಪರ್ಕ ಮುಂಚಿತ ಸೂಚನೆಯಿಲ್ಲದೆ ಕಡಿದರೆ ಎರಡರಲ್ಲೂ ಕೆಲವು ದತ್ತಾಂಶ ಪೊಟ್ಟಣಗಳು ಕಳೆದುಹೋಗಬಹುದು. ಬಸ್ಸಿನಲ್ಲಿ ನಿಮ್ಮದೇ ರಿಸೀವರ್ ಇದ್ದರೆ ಮೊದಲನೆಯದನ್ನು ಪರೀಕ್ಷಿಸಿ. ಯಾರ ಫೋನಾದರೂ ಸರಿ ಎನ್ನುವ ಸೇವೆಗೆ ಎರಡನೆಯದೇ ಯೋಗ್ಯ.