ಪಿಕಪ್‌ಗೆ ಟಚ್‌ಸ್ಕ್ರೀನ್ ಸ್ಟೀರಿಯೊ: ನಕ್ಷೆ ಬಂತು, ಧಾರವಾಡ ಕೇಂದ್ರ ಹೋಯಿತು

ಆಂಡ್ರಾಯ್ಡ್ ಸ್ಟೀರಿಯೊಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಪರದೆಯ ಹೊಳಪು, ರ‍್ಯಾಮ್, ಆಪ್‌ಗಳ ವೇಗ ಇವುಗಳನ್ನೇ ಅಳೆಯುತ್ತಾರೆ. ಪೆಟ್ಟಿಗೆಯ ಮೇಲೆಯೇ ಅಚ್ಚಾಗಿರುವ ಆ ವಿವರಗಳನ್ನು ನಾನು ಮತ್ತೆ ಬರೆಯುವುದಿಲ್ಲ. ಇಂಡಿ ಭಾಗದ ಲಿಂಬೆಯನ್ನೂ ತಿಕೋಟಾ ಕಡೆಯ ಮಣೂಕವನ್ನೂ (ಒಣದ್ರಾಕ್ಷಿ) ವಿಜಯಪುರದ ಮಾರುಕಟ್ಟೆಗೆ, ಕೆಲವೊಮ್ಮೆ ಸೊಲ್ಲಾಪುರಕ್ಕೆ ಸಾಗಿಸುವ ನನ್ನ ಪಿಕಪ್‌ನಲ್ಲಿ ಒಂಬತ್ತು ಇಂಚಿನ ಇಂಥದೊಂದು ಯಂತ್ರ ಈಗ ಎರಡನೆಯ ಬೇಸಿಗೆಯನ್ನು ಕಾಣುತ್ತಿದೆ. ನಕ್ಷೆ ಚೆನ್ನಾಗಿದೆ, ಹಿಂಬದಿಯ ಕ್ಯಾಮೆರಾ ಅದಕ್ಕಿಂತ ಚೆನ್ನಾಗಿದೆ. ಆದರೆ ಮೊದಲ ಕೆಲವು ತಿಂಗಳು ನನ್ನ ತಾಳ್ಮೆಯನ್ನು ಕೆಡಿಸಿದ್ದು ಯಾರೂ ಬರೆಯದ ಒಂದು ಭಾಗ, ಇದರೊಳಗಿನ ರೇಡಿಯೊ.

ಹಿಂದೆ ಇದ್ದದ್ದು ಸಿಂಗಲ್ ಡಿನ್ ಅಳತೆಯ, ಅಂದರೆ 180 ಮಿಲಿಮೀಟರ್ ಅಗಲ ಮತ್ತು 50 ಮಿಲಿಮೀಟರ್ ಎತ್ತರದ ಸಾದಾ ಸ್ಟೀರಿಯೊ. ಎರೆ ಮಣ್ಣಿನ ಧೂಳು ತುಂಬಿ ಅದರ ಸಿಡಿ ಬಾಯಿ ಮುಚ್ಚಿಹೋಗಿ ಬಹಳ ಕಾಲವಾಗಿತ್ತು. ಆದರೂ ದುಂಡನೆಯ ಗುಂಡಿಯನ್ನು ಒಂದು ಸುತ್ತು ತಿರುವಿದರೆ ಸಾಕು, ಗಾಡಿಯ ಎಂಜಿನ್ ಬಿಸಿಯಾಗುವ ಮೊದಲೇ ಆಕಾಶವಾಣಿಯ ಧಾರವಾಡ ಕೇಂದ್ರ ಮಾತನಾಡುತ್ತಿತ್ತು. ಅದನ್ನು ಬದಲಿಸಲು ಕಾರಣ ಸಂಗೀತವಲ್ಲ. ಲಿಂಬೆಯ ಚೀಲಗಳನ್ನು ಕ್ಯಾಬಿನ್ನಿನ ಎತ್ತರಕ್ಕೆ ಹೇರಿದ ಮೇಲೆ ಹಿಂದಿನ ಗಾಜಿನಲ್ಲಿ ಏನೂ ಕಾಣುವುದಿಲ್ಲ. ಎಪಿಎಂಸಿಯ ದಲಾಲಿ ಅಂಗಡಿಗಳ ಮುಂದೆ ಗಾಡಿಯನ್ನು ಹಿಂದಕ್ಕೆ ತೆಗೆದುಕೊಳ್ಳುವಾಗ ಹಮಾಲರು, ತಳ್ಳುಗಾಡಿಗಳು, ಬಿದ್ದ ಹಣ್ಣು ಹುಡುಕುವ ದನಗಳು, ಎಲ್ಲವೂ ಕುರುಡು ಜಾಗದಲ್ಲಿಯೇ ಇರುತ್ತವೆ. ಕ್ಯಾಮೆರಾ ಬೇಕಿತ್ತು, ಕ್ಯಾಮೆರಾಕ್ಕೆ ಪರದೆ ಬೇಕಿತ್ತು. ಟೈರ್ ಬದಲಿಸುವ ಖರ್ಚೂ ಎದುರಿಗೇ ಇದ್ದುದರಿಂದ ಯಂತ್ರ, ಚೌಕಟ್ಟು, ಕ್ಯಾಮೆರಾ, ತಂತಿಗಳನ್ನು ಜೋಡಿಸುವ ಕಪ್ಲರ್, ಕೂಲಿ ಎಲ್ಲ ಸೇರಿ 15,000 ರೂಪಾಯಿ ಮೀರಬಾರದೆಂದು ಗೆರೆ ಎಳೆದುಕೊಂಡೆ. ಮೀರಲಿಲ್ಲ.

ಜೋಡಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆದರೆ ಕೆಲವು ಸಂಗತಿಗಳನ್ನು ಕಣ್ಣೆದುರೇ ಮಾಡಿಸಿಕೊಳ್ಳುವುದು ಒಳ್ಳೆಯದು. ಒಂಬತ್ತು ಇಂಚಿನ ಪರದೆ ಡ್ಯಾಶ್‌ಬೋರ್ಡಿನ ಗೂಡಿನೊಳಗೆ ಕೂರುವುದಿಲ್ಲ. 180 ಮತ್ತು 100 ಮಿಲಿಮೀಟರಿನ ಡಬಲ್ ಡಿನ್ ಗೂಡಿನ ಮುಂದೆ, ಆಯಾ ಗಾಡಿಗೆಂದೇ ಮಾಡಿದ ಚೌಕಟ್ಟಿನ ಮೇಲೆ ಅದು ನಿಲ್ಲುತ್ತದೆ. ಹಳದಿ ವೈರು ಬ್ಯಾಟರಿಯಿಂದ ಸದಾ ವಿದ್ಯುತ್ ತರುವುದು, ಕೆಂಪು ಕೀಲಿ ತಿರುವಿದಾಗ ಮಾತ್ರ ತರುವುದು, ಕಪ್ಪು ಅರ್ತಿಂಗ್. ಕೆಲಸ ಬೇಗ ಮುಗಿಯಲೆಂದು ಹಳದಿಯನ್ನೂ ಕೆಂಪನ್ನೂ ಒಂದೇ ತಂತಿಗೆ ಸುತ್ತುವ ಪದ್ಧತಿಯಿದೆ. ಎರಡನ್ನೂ ಬ್ಯಾಟರಿಗೆ ಕಟ್ಟಿದರೆ ಬ್ಯಾಟರಿ ಇಳಿಯುತ್ತದೆ, ಎರಡನ್ನೂ ಕೀಲಿಗೆ ಕಟ್ಟಿದರೆ ಯಂತ್ರ ಪ್ರತಿ ಸಲವೂ ಮೊದಲಿನಿಂದ ಎದ್ದು ಕೂರಬೇಕಾಗುತ್ತದೆ. ನನ್ನ ಗಾಡಿಯಲ್ಲಿ ಬಾಗಿಲುಗಳ ಎರಡೇ ಸ್ಪೀಕರ್ ಇರುವುದರಿಂದ ಬಿಳಿ ಮತ್ತು ಬೂದು ಜೋಡಿಗಳು ಮಾತ್ರ ಉಪಯೋಗಕ್ಕೆ ಬಂದವು. ಉಳಿದ ಹಸಿರು ಮತ್ತು ನೇರಳೆ ತಂತಿಗಳ ತುದಿಗಳನ್ನು ಒಂದೊಂದಾಗಿ ಮುಚ್ಚಿಸಿದೆ, ಏಕೆಂದರೆ ಅವು ಗಾಡಿಯ ಲೋಹಕ್ಕೆ ತಗುಲಿದರೆ ಒಳಗಿನ ಆಂಪ್ಲಿಫೈಯರ್ ಸುಡುವ ಸಾಧ್ಯತೆಯಿದೆ. ನಮ್ಮ ಬಿಸಿಲಿಗೆ ಇನ್ಸುಲೇಶನ್ ಟೇಪಿನ ಅಂಟು ಕರಗಿ ಜಾರುವುದರಿಂದ ಟೇಪಿನ ಬದಲು ಬಿಸಿಗೆ ಕುಗ್ಗುವ ಕೊಳವೆಗಳನ್ನೇ ಹಾಕಿಸಿದೆ. ಗಾಡಿ ಓಡುವಾಗ ವಿಡಿಯೊ ಬರದಂತೆ ತಡೆಯುವ ಹ್ಯಾಂಡ್‌ಬ್ರೇಕಿನ ವೈರನ್ನು ಅರ್ತಿಂಗಿಗೆ ಸೇರಿಸಿ ಆ ತಡೆಯನ್ನು ತೆಗೆದುಬಿಡುವುದು ಎಲ್ಲೆಡೆ ರೂಢಿಯಾಗಿದೆ. ನಾನು ಅದನ್ನು ಹ್ಯಾಂಡ್‌ಬ್ರೇಕಿಗೇ ಕಟ್ಟಿಸಿದೆ. 52ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಜೋಡಿ ಟ್ರೇಲರುಗಳನ್ನು ದಾಟುವವನಿಗೆ ಸಿನಿಮಾ ಬೇಕಾಗಿಲ್ಲ.

ಕ್ಯಾಮೆರಾ ಕೊಟ್ಟ ಸುಖವನ್ನು ನಾನು ನಿರೀಕ್ಷಿಸಿರಲಿಲ್ಲ. ಅದನ್ನು ಹಿಂಬದಿಯ ಬಾಗಿಲಾದ ಡಾಲಾದ ಮೇಲೆ ಕೂರಿಸದೆ ಅದರ ಕೆಳಗಿನ ಅಡ್ಡಪಟ್ಟಿಗೆ ಕೂರಿಸಿದ್ದರಿಂದ ಡಾಲಾ ತೆರೆದಿದ್ದರೂ ದೃಶ್ಯ ಬದಲಾಗುವುದಿಲ್ಲ. ರಿವರ್ಸ್ ಗೇರ್ ಹಾಕಿದೊಡನೆ ಹಿಂಬದಿಯ ದೀಪದ ವಿದ್ಯುತ್ತನ್ನು ಗ್ರಹಿಸಿ ಪರದೆ ತಾನಾಗಿ ಹಿಂದಿನ ನೋಟಕ್ಕೆ ಹೊರಳುತ್ತದೆ. ಪರದೆಯ ಮೇಲಿನ ಹಸಿರು, ಹಳದಿ, ಕೆಂಪು ಗೆರೆಗಳು ನನ್ನ ಗಾಡಿಯ ಅಗಲಕ್ಕೆ ಹೊಂದುವುದಿಲ್ಲ, ಆದರೂ ಕೆಂಪು ಗೆರೆ ದಲಾಲಿ ಅಂಗಡಿಯ ಕಟ್ಟೆಗೆ ಮುಟ್ಟಿದಾಗ ನಿಜವಾಗಿ ಎಷ್ಟು ಜಾಗ ಉಳಿದಿರುತ್ತದೆಂಬುದು ಈಗ ಕಾಲಿಗೇ ಗೊತ್ತಾಗಿದೆ. ಬೆಳಿಗ್ಗೆ ಗಾಡಿ ತೆಗೆಯುವ ಮುನ್ನ ಗಾಳಿ ನೋಡುವುದು, ನೀರು ನೋಡುವುದು, ಅನಂತರ ಹಿಂದಕ್ಕೆ ಹೋಗಿ ಕ್ಯಾಮೆರಾದ ಕಣ್ಣನ್ನು ಹೆಬ್ಬೆರಳಿನಿಂದ ಒರೆಸುವುದು ಈಗ ಒಂದು ನಿಯಮವೇ ಆಗಿದೆ. ಮಳೆಗಾಲದಲ್ಲಿ ಎರೆ ಮಣ್ಣು ಅಂಟಿ ಒಣಗಿದ್ದರೆ ಹೆಬ್ಬೆರಳು ಸಾಲದು, ಬಾಟಲಿಯ ನೀರನ್ನು ಅಂಗೈಯಲ್ಲಿ ಹಿಡಿದು ತೊಳೆಯಬೇಕಾಗುತ್ತದೆ. ಹಿಂದೆ ಗಾಡಿಯ ಹಿಂಬದಿ ನಿಂತು "ಬರ್ಲಿ, ಬರ್ಲಿ" ಎಂದು ಕೂಗುತ್ತಿದ್ದ ಹಮಾಲರು ಇಂದಿಗೂ ಕೂಗುತ್ತಾರೆ, ನಾನೂ ಕೇಳಿಸಿಕೊಳ್ಳುತ್ತೇನೆ, ಆದರೆ ಕಣ್ಣು ಮಾತ್ರ ಪರದೆಯ ಮೇಲಿರುತ್ತದೆ.

ಇಷ್ಟು ಹೊಗಳಿದ ಯಂತ್ರದಲ್ಲಿ ಮೊದಲ ದಿನ ರೇಡಿಯೊ ಹಚ್ಚಿದಾಗ ಎಫ್‌ಎಂನಲ್ಲಿ 101.7 ಇತ್ತು, 101.9 ಇತ್ತು, ವಿಜಯಪುರ ಆಕಾಶವಾಣಿಯ 101.8 ಇರಲಿಲ್ಲ. ಪಕ್ಕದ ಸಂಖ್ಯೆಯಲ್ಲಿ ನಿಲ್ಲಿಸಿದರೆ ನಿರೂಪಕರ ಮಾತು ಕೇಳುತ್ತಿತ್ತು, ಆದರೆ ಶ, ಷ, ಸ ಬಂದಲ್ಲೆಲ್ಲ ಧ್ವನಿ ಸೀಳಿಕೊಳ್ಳುತ್ತಿತ್ತು. ಮಧ್ಯಮ ತರಂಗಕ್ಕೆ (ಎಎಂ) ಹೋದರೆ ಇನ್ನೂ ವಿಚಿತ್ರ: 760 ಇದೆ, 770 ಇದೆ, ಧಾರವಾಡದ 765 ಇಲ್ಲ. ಸ್ಕ್ಯಾನ್ ಒತ್ತಿದರೆ ಯಂತ್ರ ಇಡೀ ಪಟ್ಟಿಯನ್ನು ಓಡಿ ಮುಗಿಸಿ ಖಾಲಿ ಕೈಯಲ್ಲಿ ಮರಳುತ್ತಿತ್ತು. ಜೋಡಿಸಿದವರನ್ನು ಕೇಳಿದಾಗ, ಈಗ ರೇಡಿಯೊ ಯಾರು ಕೇಳುತ್ತಾರೆ, ಫೋನಿನಲ್ಲಿ ಎಲ್ಲವೂ ಬರುತ್ತದೆ ಎಂಬ ಉತ್ತರ ಸಿಕ್ಕಿತು. 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಕೇಂದ್ರವನ್ನು ಕೇಳುತ್ತ ಮೂರು ತಲೆಮಾರು ಹೊಲ ಮಾಡಿದ ಸೀಮೆಯಲ್ಲಿ ನಿಂತು ಆ ಮಾತನ್ನು ಕೇಳುವುದು ಸ್ವಲ್ಪ ಕಷ್ಟವೇ. ಅಲ್ಲದೆ ಝಳಕಿಯಿಂದ ಇಂಡಿಯ ಕಡೆಗೆ ತಿರುಗಿ ಒಳಗಿನ ತೋಟದ ದಾರಿಗಳಿಗೆ ಇಳಿದಾಗ ಫೋನಿನ ಸಿಗ್ನಲ್ ಬಂದು ಹೋಗುವುದು ಆಗಾಗ ನಡೆಯುತ್ತದೆ, ಮಧ್ಯಮ ತರಂಗಕ್ಕೆ ಅಂಥ ಹಂಗಿಲ್ಲ.

ಕಾರಣ ಸರಳವಾಗಿತ್ತು. ಈ ಯಂತ್ರಗಳು ಎಲ್ಲ ದೇಶಗಳಿಗೂ ಒಂದೇ ಆಗಿ ತಯಾರಾಗುತ್ತವೆ, ರೇಡಿಯೊ ಯಾವ ಪ್ರದೇಶಕ್ಕೆ ಸೇರಿದ್ದೆಂಬುದನ್ನು ಸೆಟ್ಟಿಂಗ್‌ನಲ್ಲಿ ಆರಿಸಬೇಕು. ನನ್ನದು ಅಮೆರಿಕದಲ್ಲಿ ನಿಂತಿತ್ತು. ಅಲ್ಲಿ ಮಧ್ಯಮ ತರಂಗದ ಕೇಂದ್ರಗಳು 10 ಕಿಲೋಹರ್ಟ್ಸ್ ಅಂತರದಲ್ಲಿರುತ್ತವೆ, ನಮ್ಮಲ್ಲಿ 9 ಕಿಲೋಹರ್ಟ್ಸ್ ಅಂತರದಲ್ಲಿ. 765 ಎಂಬುದು ಒಂಬತ್ತರ ಮಗ್ಗಿಯಲ್ಲಿ ಎಂಬತ್ತೈದನೆಯದು, ಹತ್ತರ ಮಗ್ಗಿಗೆ ಅದು ಸಿಗುವುದೇ ಇಲ್ಲ. ಎಫ್‌ಎಂನಲ್ಲಿಯೂ ಅಲ್ಲಿನ ಕೇಂದ್ರಗಳು ದಶಾಂಶದ ನಂತರ ಬೆಸ ಅಂಕಿಯನ್ನೇ ಹೊಂದಿರುವುದರಿಂದ 101.8ಕ್ಕೆ ಜಾಗವಿಲ್ಲ. ಪ್ರದೇಶವನ್ನು ಏಷ್ಯಾ ಎಂದು ಬದಲಿಸಿದೊಡನೆ ಎರಡೂ ಕೇಂದ್ರಗಳು ತಮ್ಮ ಮನೆಗೆ ಬಂದವು. ಕೆಲವು ಯಂತ್ರಗಳಲ್ಲಿ ಈ ಆಯ್ಕೆ ಕಾರ್ಖಾನೆಯ ಪಾಸ್‌ವರ್ಡಿನ ಹಿಂದೆ ಅಡಗಿರುತ್ತದೆ, ಆದ್ದರಿಂದ ಅಂಗಡಿಯವರಿಂದ ಆ ಪಾಸ್‌ವರ್ಡನ್ನು ಮೊದಲೇ ಬರೆಸಿಕೊಳ್ಳಿ.

101.8 ಅಂದಿನಿಂದ ಸ್ವಚ್ಛವಾಗಿದೆ. 765ರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೇಂದ್ರ ಸಿಕ್ಕಿತು, ಆದರೆ ಅದರ ಹಿಂದೆ ಜೀರುಂಡೆಗಳ ಹಿಂಡು ಕೂತಂತೆ ಒಂದು ಗುಯ್‌ಗುಡುವಿಕೆ ಸೇರಿಕೊಂಡಿತ್ತು. ಎಂಜಿನ್ ಆರಿಸಿದರೂ ಅದು ನಿಲ್ಲುತ್ತಿರಲಿಲ್ಲ. ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರಿನ ಸದ್ದು ಎಂಜಿನ್ನಿನ ವೇಗದೊಂದಿಗೆ ಏರಿ ಇಳಿಯುತ್ತದೆ, ಇದು ಹಾಗಲ್ಲ. ಒಂದು ಸಂಜೆ ಲೋಡಿಗಾಗಿ ಕಾಯುತ್ತ ನಿಂತಾಗ ಕಣ್ಣಿಗೆ ಚುಚ್ಚುತ್ತಿದ್ದ ಪರದೆಯನ್ನು ಆರಿಸಿದೆ, ಗುಯ್‌ಗುಡುವಿಕೆ ಬಹುಪಾಲು ಅಡಗಿ ಪ್ರದೇಶ ಸಮಾಚಾರ ಸ್ಪಷ್ಟವಾಗಿ ಕೇಳಿಸಿತು. ಪರದೆಯ ಹಿಂದಿನ ಬೆಳಕಿಗೂ ಪ್ರೊಸೆಸರಿಗೂ ಬೇಕಾದ ವೋಲ್ಟೇಜನ್ನು ತಯಾರಿಸುವ ಸ್ವಿಚಿಂಗ್ ಮಂಡಲಗಳು ಸೆಕೆಂಡಿಗೆ ಲಕ್ಷಾಂತರ ಸಲ ತೆರೆದು ಮುಚ್ಚುತ್ತವೆ, ಆ ಗದ್ದಲ ಸರಿಯಾಗಿ ಮಧ್ಯಮ ತರಂಗದ ವ್ಯಾಪ್ತಿಗೇ ಬಂದು ಬೀಳುತ್ತದೆ. ಎಫ್‌ಎಂ ಬೇರೆ ರೀತಿಯ ಮಾಡ್ಯುಲೇಶನ್ನಿನಲ್ಲಿ (ಧ್ವನಿಯನ್ನು ತರಂಗಕ್ಕೆ ಸೇರಿಸುವ ವಿಧಾನ), ಬಹಳ ಮೇಲಿನ ಕಂಪನಾಂಕದಲ್ಲಿ ಇರುವುದರಿಂದ ಅದಕ್ಕೆ ಇದರ ಬಾಧೆ ಕಡಿಮೆ. ರೇಡಿಯೊದ ಪಕ್ಕದಲ್ಲಿಯೇ ರೇಡಿಯೊಗೆ ತೊಂದರೆ ಕೊಡುವ ಯಂತ್ರವನ್ನು ಕೂರಿಸಿ ಎರಡನ್ನೂ ಒಂದೇ ಪೆಟ್ಟಿಗೆಯಾಗಿ ಮಾರುವವರು, ಒಮ್ಮೆಯಾದರೂ ಮಧ್ಯಮ ತರಂಗವನ್ನು ಹಚ್ಚಿ ನೋಡಿರಲಾರರು ಎಂಬುದು ನನ್ನ ಅನುಮಾನ.

ಮುಂದಿನದನ್ನು ಪರಿಚಯದ ರೇಡಿಯೊ ರಿಪೇರಿಯವರೊಬ್ಬರು ಮಾಡಿಕೊಟ್ಟರು. ಯಂತ್ರದ ಲೋಹದ ಮೈಯಿಂದ ಗಾಡಿಯ ಬಾಡಿಗೆ ದಪ್ಪನೆಯ, ಗಿಡ್ಡನೆಯ ಅರ್ತಿಂಗ್ ತಂತಿಯೊಂದನ್ನು ಬಿಗಿದರು. ಆಂಟೆನಾ ಕಂಬದ ಬುಡದಲ್ಲಿ ತುಕ್ಕನ್ನು ಕೆರೆದು ಅದರ ಕವಚ ಲೋಹಕ್ಕೆ ಸರಿಯಾಗಿ ಕೂರುವಂತೆ ಮಾಡಿದರು. ಹಳದಿ ಮತ್ತು ಕಪ್ಪು ತಂತಿಗಳಿಗೆ ಗದ್ದಲವನ್ನು ತಡೆಯುವ ಫೆರೈಟ್ ಉಂಗುರ ಹಾಕಿದರು. ಸಿಗರೇಟ್ ಲೈಟರಿನ ತೂತಿಗೆ ಚುಚ್ಚಿದ್ದ ಅಗ್ಗದ ಚಾರ್ಜರನ್ನು ಕಿತ್ತು ಕೈಗೆ ಕೊಟ್ಟರು, ಅದೂ ಒಂದು ಅಪರಾಧಿಯೇ ಆಗಿತ್ತು. ಈಗ ಪರದೆ ಉರಿಯುತ್ತಿದ್ದರೂ ಧಾರವಾಡವನ್ನು ಕೇಳಬಹುದು, ಆರಿಸಿದರಂತೂ ಹಳೆಯ ಸ್ಟೀರಿಯೊಗೆ ಸಮ. ಹಾಗಾಗಿ ನನ್ನ ಬೆಳಗಿನ ಪದ್ಧತಿ ಬದಲಾಗಿದೆ. ಕೀಲಿ ತಿರುವಿ, ಯಂತ್ರ ಏಳುವವರೆಗೆ ಡ್ಯಾಶ್‌ಬೋರ್ಡಿನ ಧೂಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಗಾಡಿಯನ್ನು ಕ್ಯಾಮೆರಾ ನೋಡಿ ಓಣಿಯಿಂದ ಹಿಂದಕ್ಕೆ ತೆಗೆದು, ರಸ್ತೆಗೆ ಬಂದೊಡನೆ 765 ಹಚ್ಚಿ ಪರದೆಯನ್ನು ಆರಿಸುತ್ತೇನೆ. ಕತ್ತಲಲ್ಲಿ ಓಡಿಸುವಾಗ ಮುಂದಿನ ಗಾಜಿನಲ್ಲಿ ಪರದೆಯ ಪ್ರತಿಬಿಂಬವೂ ಬೀಳುವುದಿಲ್ಲ. ಗೊತ್ತಿಲ್ಲದ ಊರಿನ ಶೀತಲಗೃಹವನ್ನು ಹುಡುಕಬೇಕಾದಾಗ ಮಾತ್ರ ನಕ್ಷೆಗಾಗಿ ಅದನ್ನು ಎಬ್ಬಿಸುತ್ತೇನೆ.

ಇನ್ನೂ ಸರಿಹೋಗದಿರುವುದು ಧ್ವನಿ ಏರಿಸುವ ಮತ್ತು ಇಳಿಸುವ ಗುರುತುಗಳು. ತಿರುಗಿಸುವ ಗುಂಡಿ ಇಲ್ಲ, ಪರದೆಯ ಎಡ ಅಂಚಿನಲ್ಲಿ ಸಾಸಿವೆಯಷ್ಟು ಚಿಕ್ಕ ಗುರುತುಗಳಿವೆ. ಎಡಗಡೆ ಕುಳಿತು ಓಡಿಸುವ ದೇಶಗಳಲ್ಲಿ ಅವು ಚಾಲಕನ ಬೆರಳಿಗೆ ಹತ್ತಿರ, ಬಲಗಡೆ ಕುಳಿತ ನಮಗೆ ಪರದೆಯ ಆಚೆ ದಡ. ಕುಲುಕುವ ರಸ್ತೆಯಲ್ಲಿ ಕೈ ಚಾಚಿ ಅದನ್ನು ಮುಟ್ಟಲು ಹೋದರೆ ಒಮ್ಮೆ ಧ್ವನಿ ಇಳಿಯುತ್ತದೆ, ಇನ್ನೊಮ್ಮೆ ಮುಖಪುಟ ತೆರೆದುಕೊಳ್ಳುತ್ತದೆ. ಲಿಂಬೆಯ ರಸ ಅಂಟಿದ ಬೆರಳಿಗೆ ಪರದೆ ಏನು ಮಾಡುತ್ತದೆಂಬುದನ್ನು ವಿವರಿಸದಿರುವುದೇ ಮೇಲು. ಪೆಟ್ಟಿಗೆಯ ಮೇಲಿನ "50 ವ್ಯಾಟ್, ನಾಲ್ಕು" ಎಂಬ, ಅಂದರೆ ನಾಲ್ಕು ಸ್ಪೀಕರುಗಳಿಗೆ ತಲಾ 50 ವ್ಯಾಟ್ ಎಂಬ ಬರಹವನ್ನೂ ನಂಬಬೇಕಿಲ್ಲ. 12 ವೋಲ್ಟಿನ ಬ್ಯಾಟರಿಯ ಮೇಲೆ 4 ಓಮ್ ಸ್ಪೀಕರಿಗೆ ಇಂಥ ಆಂಪ್ಲಿಫೈಯರ್ ನಿರಂತರವಾಗಿ ಕೊಡಬಲ್ಲದ್ದು ಸುಮಾರು 15ರಿಂದ 20 ವ್ಯಾಟ್ ಮಾತ್ರ. ಡೀಸೆಲ್ ಎಂಜಿನ್ನಿನ ಸದ್ದನ್ನು ಮೀರಿ ಸುದ್ದಿ ಕೇಳಲು ಅಷ್ಟು ಸಾಕು, ಜಾತ್ರೆಗೆ ಹೋಗುವ ಹುಡುಗರಿಗೆ ಸಾಲದು.

ಬಿಸಿಲಿನ ವಿಷಯದಲ್ಲಿ ನನಗಿದ್ದ ಭಯ ಪೂರ್ತಿ ನಿಜವಾಗಲಿಲ್ಲ. ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಗಾಜು ಮುಚ್ಚಿದ ಕ್ಯಾಬಿನ್ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಅಂಥ ಮಧ್ಯಾಹ್ನ ಗಾಡಿ ಹತ್ತಿದರೆ ಯಂತ್ರ ಸ್ವಲ್ಪ ಹೊತ್ತು ಮಂದವಾಗಿರುತ್ತದೆ, ಬೆರಳಿಟ್ಟ ಮೇಲೆ ಯೋಚಿಸಿ ಉತ್ತರಿಸುತ್ತದೆ. ನಿಲ್ಲಿಸುವಾಗಲೆಲ್ಲ ಹೆಗಲ ಮೇಲಿನ ಟವೆಲನ್ನು ಪರದೆಯ ಮೇಲೆ ಇಳಿಬಿಡುವುದನ್ನು ರೂಢಿಸಿಕೊಂಡಿದ್ದೇನೆ. ಚೌಕಟ್ಟು ಒಂದು ಕಡೆ ಸ್ವಲ್ಪ ಬಾಗಿ ಕಟಕಟ ಎನ್ನುತ್ತಿತ್ತು, ಸಂದಿಯಲ್ಲಿ ಫೋಮ್ ಪಟ್ಟಿ ಸೇರಿಸಿದ ಮೇಲೆ ಸುಮ್ಮನಾಗಿದೆ.

ಇದನ್ನು ಕಿತ್ತುಹಾಕುವ ಯೋಚನೆ ನನಗಿಲ್ಲ, ಕ್ಯಾಮೆರಾ ಒಂದಕ್ಕಾಗಿಯೇ ಇಟ್ಟುಕೊಳ್ಳುತ್ತೇನೆ. ಆದರೆ ಮತ್ತೊಮ್ಮೆ ಕೊಳ್ಳುವುದಾದರೆ ಒಂಬತ್ತು ಇಂಚಿನ ಆಸೆಯನ್ನು ಬಿಟ್ಟು, ಡಬಲ್ ಡಿನ್ ಗೂಡಿನೊಳಗೇ ಕೂರುವ, ತಿರುಗಿಸುವ ಗುಂಡಿಯಿರುವ ಏಳು ಇಂಚಿನದನ್ನು ಆರಿಸುತ್ತೇನೆ. ರೇಡಿಯೊ ಭಾಗದಲ್ಲಿ ಎನ್‌ಎಕ್ಸ್‌ಪಿಯ ಟಿಇಎಫ್ 6686 ಚಿಪ್ ಇದೆಯೆಂದು ಬರೆದಿದ್ದರೆ ಅದಕ್ಕಾಗಿ 2,000 ರೂಪಾಯಿ ಹೆಚ್ಚು ಕೊಡಲೂ ನನ್ನ ತಕರಾರಿಲ್ಲ. ಹಣ ಎಣಿಸುವ ಮುನ್ನ ಎಂಜಿನ್ ಚಾಲೂ ಮಾಡಿಸಿ, ಹೆಡ್‌ಲೈಟ್ ಹಾಕಿಸಿ, ಪರದೆಯನ್ನು ಪೂರ್ತಿ ಹೊಳಪಿನಲ್ಲಿಟ್ಟು 765 ಹಚ್ಚಲು ಹೇಳಿ. ಅಂಗಡಿಯವರು ಬಹುಶಃ ಯೂಟ್ಯೂಬ್ ತೆರೆದು ತೋರಿಸಲು ಮುಂದಾಗುತ್ತಾರೆ, ಅದನ್ನು ಆಮೇಲೆ ನೋಡಿದರಾಯಿತು.