ಗ್ರಾಹಕರ ಬ್ಯಾಕಪ್‌ಗೆ ಎಂಎಸ್‌ಪಿ 360 ಮತ್ತು ಅಮೆಜಾನ್‌ನ ಮುಂಬೈ ಸ್ಟೋರೇಜ್: ನನ್ನ ಅನುಭವ

ಶಿವಮೊಗ್ಗದಲ್ಲಿ ಹದಿನಾಲ್ಕು ಕಡೆ ಕಂಪ್ಯೂಟರ್, ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಆಡಿಟರ್ ಆಫೀಸುಗಳು, ಅಡಿಕೆ ಮಂಡಿಗಳು, ಒಂದು ರಕ್ತ ಪರೀಕ್ಷೆ ಲ್ಯಾಬ್, ಎರಡು ಪ್ರೈವೇಟ್ ಲಿಮಿಟೆಡ್ ಕಂಪನಿ. ಎಲ್ಲರ ಬ್ಯಾಕಪ್ಪೂ ನನ್ನದೇ ಜವಾಬ್ದಾರಿ.

2023ರ ಸೆಪ್ಟೆಂಬರ್ 27ರಂದು ಒಂದು ಆಡಿಟರ್ ಆಫೀಸಿನ ಸರ್ವರ್ ಡಿಸ್ಕ್ ಹೋಯಿತು. ಟ್ಯಾಕ್ಸ್ ಆಡಿಟ್ ವರದಿ ಹಾಕಲು 30 ಕೊನೇ ದಿನ. ಆಗ ಬಳಸುತ್ತಿದ್ದ ಬ್ಯಾಕಪ್ ಸೇವೆಯ ಹೆಸರು ಬೇಡ. ದಿನಾ ಬೆಳಿಗ್ಗೆ ಹಸಿರು ಟಿಕ್ ಇರುವ ಮೇಲ್ ಬರುತ್ತಿತ್ತು, ನಾನೂ ನಂಬಿದ್ದೆ. ರಿಸ್ಟೋರ್ ಮಾಡಿದರೆ, ಅಂದರೆ ಡೇಟಾ ವಾಪಸ್ ಇಳಿಸಿದರೆ, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನ ಫೋಲ್ಡರಿನಲ್ಲಿ ಹನ್ನೊಂದು ದಿನ ಹಳೆಯ ಡೇಟಾ! ಲಾಗ್ ತೆಗೆದು ಓದಿದೆ. ರಾತ್ರಿ ಯಾರೋ ಟ್ಯಾಲಿ ಮುಚ್ಚದೆ ಮನೆಗೆ ಹೋಗುತ್ತಿದ್ದರು. ತೆರೆದಿರುವ ಫೈಲುಗಳನ್ನು ಬಿಟ್ಟು ಉಳಿದದ್ದನ್ನು ಮಾತ್ರ ಅದು ನಕಲು ಮಾಡುತ್ತಿತ್ತು. ಆಫೀಸಿನ ಹುಡುಗಿಯರು ಎರಡು ರಾತ್ರಿ ಕೂತು ವೋಚರ್‌ಗಳನ್ನು ಮತ್ತೆ ಹೊಡೆದರು. ನಾನು ಪಕ್ಕದಲ್ಲಿ ಕೂತು ಬಿಲ್ ಓದಿ ಹೇಳಿದೆ.

ಆಮೇಲೆ ಮೂರು ತಿಂಗಳು ಬೇರೆ ಬೇರೆ ಸೇವೆಗಳನ್ನು ನನ್ನದೇ ಮೆಷಿನ್‌ಗಳಲ್ಲಿ ಹಾಕಿ ನೋಡಿದೆ. ಕೊನೆಗೆ ನಿಂತದ್ದು ಬ್ಯಾಕಪ್ ತೆಗೆಯುವ ಸಾಫ್ಟ್‌ವೇರ್ ಎಂಎಸ್‌ಪಿ 360ಯ ಮ್ಯಾನೇಜ್ಡ್ ಬ್ಯಾಕಪ್, ಅದರ ಹಿಂದೆ ಡೇಟಾ ಇಡಲು ಅಮೆಜಾನ್‌ನ ಕ್ಲೌಡ್ ಸ್ಟೋರೇಜ್ ಎಸ್3ಯ ಮುಂಬೈ ರೀಜನ್ (ಅಂದರೆ ಮುಂಬೈಯ ಡೇಟಾ ಸೆಂಟರ್‌ಗಳು).

ಮುಂಬೈ ಯಾಕೆ ಅಂದರೆ ಕಾನೂನು. ಕಂಪನಿಯ ಲೆಕ್ಕಪತ್ರದ ಬ್ಯಾಕಪ್ ಪ್ರತಿದಿನವೂ ಭಾರತದೊಳಗಿನ ಸರ್ವರ್‌ಗೆ ಹೋಗಬೇಕು ಎಂದು 2022ರಲ್ಲಿ ನಿಯಮ ತಿದ್ದಿದ್ದಾರೆ. ನನ್ನ ಎರಡು ಪ್ರೈವೇಟ್ ಲಿಮಿಟೆಡ್ ಗ್ರಾಹಕರಿಗೆ ಇದು ನೇರವಾಗಿ ತಟ್ಟುತ್ತದೆ. ಎಸ್3ಯಂಥದ್ದೇ ಇನ್ನೊಂದು ಸ್ಟೋರೇಜ್ ಬ್ಯಾಕ್‌ಬ್ಲೇಜ್ ಬಿ2 ತುಂಬಾ ಅಗ್ಗ. ನಾನು ಲೆಕ್ಕ ಹಾಕಿದಾಗ ಟಿಬಿಗೆ ತಿಂಗಳಿಗೆ 6 ಡಾಲರ್ ಇತ್ತು. ಆದರೆ ಅವರ ಡೇಟಾ ಸೆಂಟರ್ ಇಲ್ಲಿಲ್ಲ. ವಾಸಾಬಿ ಎಂಬ ಮತ್ತೊಂದು ಸ್ಟೋರೇಜಿನಲ್ಲಿ ಕನಿಷ್ಠ 1 ಟಿಬಿಯ ದುಡ್ಡು ಕಟ್ಟಬೇಕು, 90 ದಿನದೊಳಗೆ ಅಳಿಸಿದ ಫೈಲಿಗೂ ಪೂರ್ತಿ 90 ದಿನದ ಬಾಡಿಗೆ. ಚಿಕ್ಕ ಚಿಕ್ಕ ಗ್ರಾಹಕರಿರುವ ನನಗೆ ಅದು ಹೊಂದಲಿಲ್ಲ.

ಅಮೆಜಾನ್ ದುಬಾರಿ, ನಿಜ. ಜಿಬಿಗೆ ತಿಂಗಳಿಗೆ ಎರಡೂವರೆ ಸೆಂಟ್, ಅಂದರೆ 300 ಜಿಬಿ ಇರುವ ಆಫೀಸಿಗೆ ಏಳೂವರೆ ಡಾಲರ್. ವಾಪಸ್ ಇಳಿಸಿಕೊಳ್ಳುವುದಕ್ಕೂ ದುಡ್ಡಿದೆ. ತಿಂಗಳಿಗೆ ಮೊದಲ 100 ಜಿಬಿ ಉಚಿತ, ಆಮೇಲೆ ಜಿಬಿಗೆ ಸುಮಾರು 11 ಸೆಂಟ್. ಈ ಲೆಕ್ಕವನ್ನು ಗ್ರಾಹಕರಿಗೆ ಮೊದಲೇ ಬರೆದು ಕೊಡುತ್ತೇನೆ. ಡಿಸ್ಕ್ ಹೋದ ದಿನ ಹೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ? ಬಿಲ್ ರೂಪಾಯಿಯಲ್ಲಿ, ಜಿಎಸ್‌ಟಿ ಸಮೇತ ಬರುವುದರಿಂದ ಆಡಿಟರ್‌ಗಳಿಗೆ ತಕರಾರಿಲ್ಲ.

ಎಂಎಸ್‌ಪಿ 360ಯಲ್ಲಿ ನನಗೆ ಬೇಕಾಗಿದ್ದು ಸಿಕ್ಕಿತು. ಬಳಕೆಯಲ್ಲಿರುವ ಫೈಲನ್ನೂ ಆ ಕ್ಷಣದ ಸ್ಥಿತಿಯಲ್ಲಿ ಹಿಡಿದಿಡುವ ವಿಂಡೋಸ್‌ನ ಶ್ಯಾಡೋ ಕಾಪಿ ಬಳಸುವುದರಿಂದ ತೆರೆದಿರುವ ಟ್ಯಾಲಿ ಫೈಲೂ ಬರುತ್ತದೆ. ಎಲ್ಲ ಗ್ರಾಹಕರ ಸ್ಥಿತಿ ಒಂದೇ ಪರದೆಯಲ್ಲಿ ಕಾಣುತ್ತದೆ. ಕಾಪಿ ಅಳಿಸದಂತೆ ತಡೆಯುವ ಎಸ್3ಯ ಆಬ್ಜೆಕ್ಟ್ ಲಾಕ್ ಜೊತೆ ಸೇರಿಸಿ 30 ದಿನ ಬೀಗ ಹಾಕಿದ್ದೇನೆ. ಡೇಟಾಕ್ಕೆ ಬೀಗ ಜಡಿದು ದುಡ್ಡು ಕೇಳುವ ರ‍್ಯಾನ್‌ಸಮ್‌ವೇರ್ ನನ್ನ ಪಾಸ್‌ವರ್ಡನ್ನೇ ಕದ್ದರೂ ಅಷ್ಟು ದಿನ ಆ ಕಾಪಿಗಳನ್ನು ಅಳಿಸಲಾಗದು. ಲೈಸೆನ್ಸ್ ಒಬ್ಬರಿಗೆ, ಸ್ಟೋರೇಜ್ ಇನ್ನೊಬ್ಬರಿಗೆ ಎಂದು ಎರಡು ಬಿಲ್ ಕಟ್ಟಬೇಕು. ಬಕೆಟ್ (ಎಸ್3ಯಲ್ಲಿ ಡೇಟಾ ಇಡುವ ಜಾಗ), ಪರ್ಮಿಷನ್ ಎಲ್ಲ ನಾವೇ ಹೊಂದಿಸಬೇಕು. ಹೊಸಬರಿಗೆ ಮೊದಲ ವಾರ ಕಷ್ಟವೇ.

ಬೇರೆಯವರು ಓದದಂತೆ ಬ್ಯಾಕಪ್ಪನ್ನು ಎನ್‌ಕ್ರಿಪ್ಟ್ ಮಾಡಿರುತ್ತೇನೆ, ಅದರ ಪಾಸ್‌ವರ್ಡ್ ಕಳೆದರೆ ದೇವರೂ ತೆಗೆಯಲಾರ. ಅದಕ್ಕೆ ಕಾಗದದಲ್ಲಿ ಬರೆದು ಎರಡು ಲಕೋಟೆ ಮಾಡಿದ್ದೇನೆ. ಒಂದು ಗ್ರಾಹಕರ ತಿಜೋರಿಯಲ್ಲಿ, ಇನ್ನೊಂದು ನನ್ನ ಮನೆಯಲ್ಲಿ.

ಕ್ಲೌಡ್ ಒಂದನ್ನೇ ನೆಚ್ಚಿಕೊಳ್ಳಬೇಡಿ. 50 ಎಂಬಿಪಿಎಸ್ ಲೈನ್ ಪೂರ್ತಿ ವೇಗದಲ್ಲಿ ಓಡಿದರೂ 200 ಜಿಬಿ ಇಳಿಯಲು ಒಂಬತ್ತು ಗಂಟೆ ಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ಅದೂ ಇಲ್ಲ. ಪ್ರತಿ ಕಡೆಯೂ ಒಂದು ಲೋಕಲ್ ಡಿಸ್ಕ್ ಇಟ್ಟಿದ್ದೇನೆ.

ತಿಂಗಳಿಗೊಮ್ಮೆ ಶನಿವಾರ ಒಬ್ಬೊಬ್ಬ ಗ್ರಾಹಕರ ಡೇಟಾವನ್ನು ನನ್ನ ಹಳೇ ಲ್ಯಾಪ್‌ಟಾಪಿಗೆ ಇಳಿಸುತ್ತೇನೆ. ಈ ಸಲ ಒಂದು ಮಂಡಿಯ ಸರದಿ. ಸಾಹುಕಾರ್ರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. 6 ಜಿಬಿ ಇಳಿಯಿತು. ಟ್ಯಾಲಿ ತೆರೆದೆ, ಹಿಂದಿನ ಸಂಜೆಯ ಕೊನೇ ಎಂಟ್ರಿ ಅಲ್ಲೇ ಇತ್ತು.

"ರೈತರ ಮುಂಗಡದ ಬಾಕಿ ತೋರಿಸಪ್ಪಾ" ಅಂದರು.

ತೋರಿಸಿದೆ. ಗುಮಾಸ್ತರು ಪಟ್ಟಿ ಪುಸ್ತಕ ತಂದು ಒಂದೊಂದೇ ಹೆಸರು ಓದುತ್ತಾ ಹೋದರು. ಸಾಹುಕಾರ್ರು ಪರದೆಯ ಮೇಲೆ ಬೆರಳಿಟ್ಟು ತಾಳೆ ನೋಡಿದರು. ನಲವತ್ತೊಂದು ಹೆಸರು, ಎಲ್ಲವೂ ಸರಿ ಇತ್ತು.

"ಇನ್ನು ತಿಂಗಳಾ ತಿಂಗಳಾ ನಂಗೆ ಹೀಗೇ ತೋರಿಸ್ಬೇಕು" ಅಂದರು.