ಮಾಳ ಕಾಯುವ ನಾಯಿಗೆ ಕಟ್ ವೆಸ್ಟ್: ಎದೆ ಕಾಯುತ್ತದೆ, ಹೊಟ್ಟೆ ಕಾಯುವುದಿಲ್ಲ

ಭತ್ತ ಹಾಲುಗಟ್ಟಿದಾಗಿನಿಂದ ಕಣ ಮುಗಿಯುವ ತನಕ ಮಲೆನಾಡಿನ ಗದ್ದೆಗಳಲ್ಲಿ ಮಾಳದ, ಅಂದರೆ ಕಾವಲು ಅಟ್ಟಣೆಯ, ಬುಡದಲ್ಲಿ ನಾಯಿಗೂ ರಾತ್ರಿಪಾಳಿ. ಹಂದಿಯ ಕೋರೆಯಿಂದ ಅದರ ಮೈ ಉಳಿಸಲು ‘ಕಟ್ ವೆಸ್ಟ್’ ಎಂಬ ಕವಚ ತರಿಸಬೇಕೆಂದಿರುವವರು ಮೊದಲು ಇದನ್ನು ಓದಿ.

ಇದು ಮೂಲತಃ ಅಮೆರಿಕದ ಹಂದಿ ಬೇಟೆಗಾರರ ಸಾಮಾನು. ಅಲ್ಲಿ ಕೆಲವು ನಾಯಿಗಳು ಬೊಗಳಿ ಬೊಗಳಿ ಹಂದಿಯನ್ನು ಒಂದೆಡೆ ನಿಲ್ಲಿಸುತ್ತವೆ, ಆಮೇಲೆ ಬಿಟ್ಟ ಗಟ್ಟಿ ನಾಯಿ ಹೋಗಿ ಕಿವಿ ಹಿಡಿಯುತ್ತದೆ. ದಪ್ಪ ಕವಚ ಬೇಕಾಗುವುದು ಮುಖ್ಯವಾಗಿ ಹಾಗೆ ಹಿಡಿಯುವ ನಾಯಿಗೆ. ನಮ್ಮಲ್ಲಿ ನಾಯಿ ಛೂ ಬಿಟ್ಟು ಕಾಡುಹಂದಿ ಬೇಟೆಯಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಗದ್ದೆಯ ಅಂಚಿನಲ್ಲಿ ಬೊಗಳಿ ಎಚ್ಚರಿಸುವ ನಾಯಿಗೆ ಇದು ಎಷ್ಟು ಉಪಯೋಗ ಎಂಬುದಷ್ಟೇ ಇಲ್ಲಿನ ಮಾತು. ಕವಚ ಇದೆಯೆಂಬ ಧೈರ್ಯದಲ್ಲಿ ನಾಯಿಯನ್ನು ಹಂದಿಯ ಮೇಲೆ ಬಿಡುವವರು ಇದನ್ನು ಕೊಳ್ಳಲೇಬಾರದು.

ಗಂಡುಹಂದಿಯ ಕೆಳಕೋರೆ ಮೇಲಿನದಕ್ಕೆ ಉಜ್ಜಿ ಉಜ್ಜಿ ತಾನೇ ಮಸೆದುಕೊಳ್ಳುತ್ತದೆ. ಹಂದಿ ತಲೆ ತಗ್ಗಿಸಿ ನುಗ್ಗಿ, ಕೆಳಗಿನಿಂದ ಮೇಲಕ್ಕೆ ಸೀಳುತ್ತದೆ. ಹಾಗಾಗಿ ಏಟು ಬೀಳುವುದು ಎದೆ, ಕಂಕುಳು, ಹೊಟ್ಟೆ, ತೊಡೆಯ ಒಳಭಾಗಕ್ಕೆ. ಹೊರಗೆ ದಪ್ಪ ನೈಲಾನ್, ಒಳಗೆ ಕೆವ್ಲಾರ್ ಎಂಬ ಬಲು ಗಟ್ಟಿ ನಾರಿನ ಜಾತಿಯ ನೇಯ್ಗೆ ಇರುವ ಕವಚ ಎದೆಗೆ ಬಿದ್ದ ಸೀಳನ್ನು ಚೆನ್ನಾಗಿ ತಡೆಯುತ್ತದೆ. ಗುದ್ದನ್ನು ತಡೆಯುವುದಿಲ್ಲ, ಪಕ್ಕೆಲುಬು ಮುರಿಯಬಹುದು. ಗಂಡುನಾಯಿಗೆ ಉಚ್ಚೆಗೆ ಜಾಗ ಬಿಡಬೇಕಾದ್ದರಿಂದ ಕೆಳಪಟ್ಟಿ ಹೊಟ್ಟೆಯ ನಡುವಿನಲ್ಲೇ ನಿಲ್ಲುತ್ತದೆ, ತೊಡೆಗೆ ಏನೂ ಇಲ್ಲ. ಜೊತೆಗೆ ಬರುವ ಅಗಲ ಕೊರಳಪಟ್ಟಿ ಮಾತ್ರ ನಮ್ಮ ಕಡೆಗೆ ಹೇಳಿ ಮಾಡಿಸಿದ ಹಾಗಿದೆ, ಚಿರತೆಯೂ ಬಾಯಿ ಹಾಕುವುದು ಕುತ್ತಿಗೆಗೇ ಅಲ್ಲವೇ. ಕೈ ಬಿಗಿಯಾಗಿದ್ದರೆ ಪಟ್ಟಿಯೊಂದನ್ನೇ ಕೊಳ್ಳಿ.

ಅಳತೆ ತಪ್ಪಿದರೆ ಕವಚವೇ ಗಾಯ ಮಾಡುತ್ತದೆ. ನಾಯಿಯನ್ನು ನಿಲ್ಲಿಸಿ ಮೂರು ಅಳತೆ ತೆಗೆಯಿರಿ: ಕುತ್ತಿಗೆಯ ಬುಡ, ಮುಂಗಾಲಿನ ಹಿಂದೆಯೇ ಎದೆಯ ಸುತ್ತಳತೆ, ಕುತ್ತಿಗೆಯ ಬುಡದಿಂದ ಬಾಲದ ಬುಡದವರೆಗೆ ಬೆನ್ನಿನ ಉದ್ದ. ಪಟ್ಟಿ ಬಿಗಿದ ಮೇಲೆ ಎರಡು ಬೆರಳು ಸಲೀಸಾಗಿ ತೂರಬೇಕು. ಮುಧೋಳ ತಳಿಯಂಥ ಆಳವಾದ ಎದೆ, ಸಣ್ಣ ಸೊಂಟದ ನಾಯಿಗೆ ರೆಡಿಮೇಡ್ ಅಳತೆ ಹಿಂದೆ ಜೋಲುತ್ತದೆ, ದರ್ಜಿಯ ಹತ್ತಿರ ಸೊಂಟದಲ್ಲಿ ಒಂದು ಪಟ್ಟಿ ಸೇರಿಸಿಕೊಳ್ಳುವುದು ಒಳ್ಳೆಯದು. 18–20 ಕಿಲೋ ತೂಗುವ ಊರುನಾಯಿಗೆ ಒಂದೂವರೆ ಕಿಲೋ ಮೀರಿದ ಕವಚ ಬೇಡ. ಮೊದಲ ವಾರ ದಿನಕ್ಕೆ 10–15 ನಿಮಿಷ ಅಂಗಳದಲ್ಲೇ ತೊಡಿಸಿ, ಬಿಚ್ಚಿದ ಕೂಡಲೇ ಕಂಕುಳು ನೋಡಿ. ಕೂದಲು ಮುರಿದು ಚರ್ಮ ಕೆಂಪಗಾಗಿದ್ದರೆ ಅಲ್ಲಿ ಪಟ್ಟಿ ಉಜ್ಜುತ್ತಿದೆ ಎಂದೇ ಅರ್ಥ.

ಚಳಿಯ ವಿಷಯಕ್ಕೆ ಬಂದರೆ ಇದರ ದೊಡ್ಡ ದೋಷ ಕಾಣುತ್ತದೆ. ಕವಚ ಬೆಚ್ಚಗಿಡುವ ಅಂಗಿಯಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುವ ನಾಡುಗಳಲ್ಲಿ ನಾಯಿ ಹಳ್ಳ ದಾಟಿದರೆ ನೆನೆದ ಬಟ್ಟೆ ಹೆಪ್ಪುಗಟ್ಟಿ ಹಲಗೆಯಾಗುತ್ತದೆ. ಇಲ್ಲಿ ಹೆಪ್ಪುಗಟ್ಟುವುದಿಲ್ಲ, ಆದರೆ ಡಿಸೆಂಬರ್–ಜನವರಿಯ ಬೆಳಗಿನ ಜಾವ ಇಬ್ಬನಿ ಹೊತ್ತ ಭತ್ತದಲ್ಲಿ ಓಡಾಡಿದರೆ ನೀರಿಗಿಳಿದಷ್ಟೇ ನೆನೆಯುತ್ತದೆ. ಓಡುವಾಗ ಮೈ ಬಿಸಿಯಾಗಿರುತ್ತದೆ, ಮಾಳದ ಬುಡದಲ್ಲಿ ಮಲಗಿದ ಮೇಲೆ ಒದ್ದೆ ಬಟ್ಟೆ ಶಾಖ ಹೀರುತ್ತದೆ. ನಾಯಿಯ ಮೈಶಾಖ ಸಾಮಾನ್ಯವಾಗಿ 38ರಿಂದ 39.2 ಡಿಗ್ರಿ ಸೆಲ್ಸಿಯಸ್, 37ಕ್ಕಿಂತ ಇಳಿದರೆ ಅಪಾಯ. ನಡುಕ ಕಂಡರೆ ತಕ್ಷಣ ಬಿಚ್ಚಿ, ಗೋಣಿಯಿಂದ ಒರೆಸಿ, ಒಣಹುಲ್ಲಿನ ಮೇಲೆ ಮಲಗಿಸಿ. ನಡುಗುತ್ತಿದ್ದ ನಾಯಿ ಬೆಚ್ಚಗಾಗದೆಯೇ ನಡುಕ ನಿಲ್ಲಿಸಿ ಮಂಕಾಗಿ ಬಿದ್ದುಕೊಂಡರೆ ಅದು ಇನ್ನೂ ಕೆಟ್ಟ ಲಕ್ಷಣ.

ವೆಲ್ಕ್ರೋ ಇರುವ ಮಾದರಿ ಬೇಡವೇ ಬೇಡ. ಒಂದೇ ರಾತ್ರಿಯಲ್ಲಿ ಉತ್ತರಾಣಿ ಬೀಜ ಆ ಕೊಕ್ಕೆಗಳ ನಡುವೆ ಸಾಲಾಗಿ ಕೂತು, ಬೆಳಿಗ್ಗೆ ಒತ್ತಿದರೆ ಪಟ್ಟಿ ಅಂಟುವುದೇ ಇಲ್ಲ. ಬಕಲ್ ಇರುವುದನ್ನೇ ಆರಿಸಿ. ಬೆನ್ನ ಮೇಲಿನ ಹಿಡಿಕೆ ಲಂಟಾನ ಪೊದೆಗೆ ಸಿಕ್ಕಿಕೊಳ್ಳುತ್ತದೆ, ಕತ್ತರಿಸಿ ತೆಗೆಯುವುದೇ ವಾಸಿ. ಯಾರೋ ಕಟ್ಟಿದ ಕೇಬಲ್ ಉರುಳಿಗಾಗಲಿ, ಹಂದಿಗೆಂದು ಇಟ್ಟ ಸಿಡಿಮದ್ದಿಗಾಗಲಿ ಈ ಕವಚ ಉತ್ತರವಲ್ಲ.

ರಕ್ತ ಹೀರುವ ಉಣ್ಣೆ ಹುಳದ ಕಾಟ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ, ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆ ಹೆಚ್ಚಾಗುವುದೂ ಇದೇ ಡಿಸೆಂಬರ್‌ನಿಂದ ಮೇ ತನಕದ ಕಾಲದಲ್ಲಿ. ಹೊಲಿಗೆಯ ಮಡಿಕೆಗಳಲ್ಲಿ ಉಣ್ಣೆ ಅಡಗುತ್ತದೆ. ಕವಚವನ್ನು ಮನೆಯೊಳಗೆ ತರಬೇಡಿ, ಕೈಗವಸು ಹಾಕಿಕೊಂಡು ಮಡಿಕೆ ಬಿಡಿಸಿ ನೋಡಿ. ಸೋಪುನೀರಲ್ಲಿ ತೊಳೆಯಿರಿ, ಬ್ಲೀಚಿಂಗ್ ಪುಡಿ ಬೇಡ. ನೆರಳಲ್ಲಿ ಗಾಳಿಗೆ ಒಣಗಿಸಿ, ಬಿಸಿಲಿಗೆ ಕೆವ್ಲಾರ್ ಬಲ ಕಳೆದುಕೊಳ್ಳುತ್ತದೆ.

ಹಂದಿ ಎದುರಾದ ರಾತ್ರಿ ಕವಚ ಬಿಚ್ಚದೆ ಬಿಡಬೇಡಿ, ಅದು ಗಾಯ ಮುಚ್ಚಿಡುತ್ತದೆ. ಕೂದಲಿನ ಎದುರು ದಿಕ್ಕಿಗೆ ಕೈಯಾಡಿಸಿ ಹುಡುಕಿ. ಕೋರೆಯ ಗಾಯ ಹೊರಗೆ ಒಂದಿಂಚು, ಒಳಗೆ ಚೀಲದಷ್ಟು ಇರಬಹುದು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ ತೊಳೆದು, ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ. ಸುಣ್ಣ, ಹೊಗೆಸೊಪ್ಪು ತುಂಬಬೇಡಿ, ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಕರುಳು ಹೊರಬಂದಿದ್ದರೆ ಒಳಗೆ ತಳ್ಳದೆ ಒದ್ದೆ ಬಟ್ಟೆ ಸುತ್ತಿ. ಎದೆಯ ಗಾಯದಲ್ಲಿ ಗಾಳಿಗುಳ್ಳೆ ಬಂದರೆ ಪ್ಲಾಸ್ಟಿಕ್ ಹಾಳೆ ಒತ್ತಿ ಹಿಡಿದು, ಹತ್ತಿರದ ಪಶು ಆಸ್ಪತ್ರೆಗೋ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಆ ರಾತ್ರಿಯೇ ಹೊರಡಿ.